ಕಡಿಮೆ ರನ್ ಹೊಡೆದವರೂ ಗೆಲ್ಲುತ್ತಾರೆ

ಗೆಳೆಯರೇ, ಹೋದ ಶನಿವಾರದ ಆಟ ನೆನಪೈತಲ್ಲ? ಪಕ್ಕದ ಊರಿನ ಶಾಲೆಯ ಎದುರು ನಾವು ಬರೀ 31 ರನ್ನಿಗೆ ಔಟಾದೆವು. ಆಗ ನಮ್ಮಲ್ಲಿ ನಾಲ್ಕು ಮಂದಿ "ಇನ್ನೇನ ಐತಿ, ಮುಗೀತು" ಅಂತ ಪಾಟಿಚೀಲ ಹೆಗಲಿಗೆ ಹಾಕಿದರು. ಉಳಿದವರು ಬೇಕಾದ ಹಾಗೆ ಚೆಂಡು ಒಗೆದೆವು. ಸೋತೆವು. ನಾನೂ ಬಾಲ್ ಹಾಕಿದವನೇ, ಅದಕ್ಕೆ ನನ್ನ ತಪ್ಪೂ ಇದೆ. ಸೋಮವಾರ ನಮ್ಮ ಸರ್ ಒಂದು ಆಟದ ಸಂಗತಿ ಹೇಳಿದರು. ಅದನ್ನು ಎಲ್ಲರೂ ತಿಳಿಯಲಿ ಎಂದು ಇಲ್ಲಿ ಬರೆದಿದ್ದೇನೆ.

ಅದು 2014ನೇ ಇಸವಿ, ಜೂನ್ 17. ಬಾಂಗ್ಲಾದೇಶದ ಢಾಕಾದಲ್ಲಿರುವ ಮೀರ್‌ಪುರ ಮೈದಾನ. ಭಾರತಕ್ಕೂ ಬಾಂಗ್ಲಾದೇಶಕ್ಕೂ ಒಂದು ದಿನದ ಪಂದ್ಯ. ಮಳೆ ಬಂದದ್ದರಿಂದ ಆಟವನ್ನು 41 ಓವರಿಗೆ ಇಳಿಸಿದರು. ಮೊದಲು ಬ್ಯಾಟ್ ಮಾಡಿದ ಭಾರತ 105 ರನ್ನಿಗೆ ಆಲೌಟ್! ತಸ್ಕಿನ್ ಅಹ್ಮದ್ ಎಂಬ ಬೌಲರಿಗೆ ಅದು ಮೊದಲನೆಯ ಒಂದು ದಿನದ ಪಂದ್ಯ. ಅವರು 28 ರನ್ ಕೊಟ್ಟು 5 ವಿಕೆಟ್ ಕಿತ್ತರು. ನಮ್ಮ ಕಡೆ ಎಲ್ಲರಿಗಿಂತ ಹೆಚ್ಚು ಹೊಡೆದವರು ನಾಯಕ ಸುರೇಶ ರೈನಾ, ಬರೀ 27 ರನ್.

"ಅವ್ರೇನ ಚೀಲಾ ಹಾಕ್ಕೊಂಡ ಮನಿಗೆ ಹೋದ್ರೇನ್ರೋ?" ಎಂದು ಸರ್ ಕೇಳಿದರು. ನಾವು ಯಾರೂ ಮಾತಾಡಲಿಲ್ಲ.

ನಂತರ ಭಾರತದ ಬೌಲಿಂಗ್. ಮೋಹಿತ್ ಶರ್ಮಾ 22 ರನ್ ಕೊಟ್ಟು 4 ವಿಕೆಟ್ ತೆಗೆದರು. ಉಳಿದ ಆರೂ ವಿಕೆಟ್ ನಮ್ಮ ಬೆಂಗಳೂರಿನ ಸ್ಟುವರ್ಟ್ ಬಿನ್ನಿಯವರಿಗೆ. ಅವರು ಹಾಕಿದ್ದು 4.4 ಓವರ್. ಇದು ಗಣಿತದ ದಶಾಂಶ ಅಲ್ಲ, 4 ಓವರಿನ ಮೇಲೆ 4 ಬಾಲ್, ಅಂದರೆ ಒಟ್ಟು 28 ಬಾಲ್. ಅಷ್ಟಕ್ಕೂ ಕೊಟ್ಟದ್ದು ನಾಲ್ಕೇ ರನ್! ಬಾಂಗ್ಲಾದೇಶ 58ಕ್ಕೆ ಆಲೌಟ್. ಭಾರತ 47 ರನ್ನಿನಿಂದ ಗೆದ್ದಿತು.

ಬಿನ್ನಿಯವರು ಭಾಳ ಜೋರು ಒಗೆಯುವವರಲ್ಲ, ಮಧ್ಯಮ ವೇಗದವರು. ಹಾಗಾದರೆ ಇದು ಹೇಗಾಯಿತು? ಚರ್ಮದ ಚೆಂಡಿನ ನಡುವೆ ಉಬ್ಬಿದ ಹೊಲಿಗೆ ಇರುತ್ತದೆ. ಹೊಲಿಗೆಯನ್ನು ನೆಟ್ಟಗೆ ಹಿಡಿದು ಹಾಕಿದರೆ ಅದು ನೆಲಕ್ಕೆ ತಾಗಿ ಚೆಂಡು ಒಳಗೋ ಹೊರಗೋ ಹೊರಳುತ್ತದೆ. ನೆಲದಲ್ಲಿ ಹಸಿ ಇದ್ದರೆ ಹೊಲಿಗೆ ಇನ್ನೂ ಚೆನ್ನಾಗಿ ಕಚ್ಚುತ್ತದೆ. ಯಾವ ಕಡೆ ಹೊರಳುತ್ತದೋ ಬ್ಯಾಟ್ ಹಿಡಿದವನಿಗೆ ಗೊತ್ತಾಗುವುದಿಲ್ಲ. ಇದಕ್ಕೆ ತೋಳಿನ ಬಲಕ್ಕಿಂತ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವ ತಾಳ್ಮೆ ಬೇಕು. ಬಿತ್ತುವಾಗ ಕೂರಿಗೆ ಸಾಲು ಡೊಂಕಾಗದಂತೆ ನಡೆಸುತ್ತಾರಲ್ಲ, ಹಾಗೆ.

ನಮ್ಮದು ಟೆನಿಸ್ ಬಾಲ್, ಅದಕ್ಕೆ ಅಂಥ ಹೊಲಿಗೆ ಇಲ್ಲ. ಆದರೆ ಬೈಲಹೊಂಗಲ, ಸವದತ್ತಿ ಕಡೆ ಎರೆ ನೆಲ ಐತಿ. ಮಳೆ ಬಿದ್ದ ಮೇಲೆ ಅದರಲ್ಲಿ ಚೆಂಡು ಪುಟಿಯುವುದಿಲ್ಲ, ತಡೆದು ತಡೆದು ಬರುತ್ತದೆ. ಜೋರಾಗಿ ಬೀಸುವವನು ಮೊದಲೇ ಬೀಸಿ ಕ್ಯಾಚ್ ಕೊಡುತ್ತಾನೆ. ನೇರ ವಿಕೆಟ್ಟಿಗೇ ಹಾಕಿದ್ದರೆ ಅಂದು 31 ರನ್ನೂ ಸಾಕಾಗಬಹುದಿತ್ತು.

ಇನ್ನೊಂದು ವಿಶೇಷ. ಒಂದು ದಿನದ ಪಂದ್ಯದಲ್ಲಿ ಭಾರತದ ಅತ್ಯುತ್ತಮ ಬೌಲಿಂಗ್ ದಾಖಲೆ ಅದಕ್ಕೂ ಮೊದಲು ನಮ್ಮ ಅನಿಲ್ ಕುಂಬ್ಳೆಯವರದೇ ಇತ್ತು. 1993ರಲ್ಲಿ ಕೊಲ್ಕತ್ತದಲ್ಲಿ ವೆಸ್ಟ್ ಇಂಡೀಸ್ ಮೇಲೆ 12 ರನ್ನಿಗೆ 6 ವಿಕೆಟ್. ಕನ್ನಡ ನಾಡಿನವರ ದಾಖಲೆಯನ್ನು ಕನ್ನಡ ನಾಡಿನವರೇ ಮುರಿದರು! 2023ರ ವಿಶ್ವಕಪ್ಪಿನಲ್ಲಿ ಮೊಹಮ್ಮದ್ ಶಮಿ 7 ವಿಕೆಟ್ ತೆಗೆದು ಅದನ್ನೂ ಮುರಿದರು. ಬಿನ್ನಿಯವರ ತಂದೆ ರೋಜರ್ ಬಿನ್ನಿ 1983ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದಿದ್ದರು. ಆ ಫೈನಲ್ಲಿನಲ್ಲಿಯೂ ಭಾರತ ಹೊಡೆದದ್ದು 183 ಮಾತ್ರ. ವೆಸ್ಟ್ ಇಂಡೀಸ್ 140ಕ್ಕೆ ಆಲೌಟ್ ಆಯಿತು, ಕಪ್ ನಮಗೆ ಬಂತು.

ಬರುವ ಶನಿವಾರ ಮತ್ತೆ ಆಟ ಐತಿ. ಎಷ್ಟೇ ರನ್ನಿಗೆ ಔಟಾದರೂ ಕೊನೆಯ ಬಾಲ್ ಮುಗಿಯುವ ತನಕ ಯಾರೂ ಪಾಟಿಚೀಲ ಮುಟ್ಟಬಾರದು. ನಾನಂತೂ ದಿನಾ ಸಂಜೆ ಒಂದು ಕಲ್ಲು ನಿಲ್ಲಿಸಿ ಅದಕ್ಕೆ ಗುರಿ ಇಟ್ಟು ಬಾಲ್ ಹಾಕುತ್ತಿದ್ದೇನೆ. ನಿನ್ನೆ ಹತ್ತರಲ್ಲಿ ನಾಲ್ಕು ಬಡಿದವು.