ಬಣ್ಣ ಹಚ್ಚಿದರೆ ಲೆಕ್ಕ ಬೇಗ ಮುಗಿಯುತ್ತೆ!

ಮಕ್ಕಳೇ, ಕಂಪ್ಯೂಟರ್ ಲೆಕ್ಕಕ್ಕೂ ಬಣ್ಣದ ಪೆನ್ಸಿಲ್ಲಿಗೂ ಏನು ಸಂಬಂಧ ಅಂತೀರಾ? ಬನ್ನಿ, ನೋಡೋಣ. ಒಂದು ಸಾಲಿನಲ್ಲಿ 10 ಚೌಕ ಬರೆದು, 1ರಿಂದ 10ರವರೆಗೆ ಸಂಖ್ಯೆ ಹಾಕಿ.

ಇದು ಕಬ್ಬಿಣದ ಸರಳು ಅಂದುಕೊಳ್ಳಿ. ಒಂದು ಚೌಕವನ್ನು ಚೂರು ಬಿಸಿ ಮಾಡಿದರೆ, ನಮ್ಮ ಲೆಕ್ಕದ ಮುಂದಿನ ಹೆಜ್ಜೆಯಲ್ಲಿ ಅದು ಮತ್ತು ಅದರ ಅಕ್ಕಪಕ್ಕದ ಚೌಕಗಳು ಮಾತ್ರ ಬದಲಾಗುತ್ತವೆ. ಯಾವ ಚೌಕ ಯಾವುದನ್ನು ಎಷ್ಟು ಬದಲಿಸುತ್ತೆ ಅನ್ನುವ ಪಟ್ಟಿ ವಿಜ್ಞಾನಿಗಳಿಗೆ ಬೇಕು. ಗಾಳಿ, ನೀರು, ಶಾಖ ಇವುಗಳ ಅನೇಕ ಲೆಕ್ಕಗಳಿಗೆ ಇಂಥ ಪಟ್ಟಿಯೇ ಆಧಾರ.

ಒಂದೊಂದೇ ಚೌಕವನ್ನು ಬಿಸಿ ಮಾಡಿ ನೋಡಿದರೆ 10 ಸಲ ಲೆಕ್ಕ ಮಾಡಬೇಕು. ಚೌಕಗಳು 10 ಲಕ್ಷ ಇದ್ದರೆ? ಸಲಕ್ಕೆ ಒಂದು ಸೆಕೆಂಡ್ ಅಂದರೂ 11 ದಿನಕ್ಕಿಂತ ಹೆಚ್ಚು ಬೇಕು! ನಾಳೆಯ ಮಳೆಯ ಸುದ್ದಿ ಅಷ್ಟು ತಡವಾಗಿ ಬಂದರೆ ಏನು ಪ್ರಯೋಜನ?

ಈಗ 1, 4, 7, 10ಕ್ಕೆ ಕೆಂಪು ಹಚ್ಚಿ. 2, 5, 8ಕ್ಕೆ ಹಸಿರು. 3, 6, 9ಕ್ಕೆ ನೀಲಿ. ಕೆಂಪು ಚೌಕಗಳನ್ನೆಲ್ಲ ಒಟ್ಟಿಗೇ ಬಿಸಿ ಮಾಡಿ. 1ರಿಂದ ಬದಲಾಗೋದು 1, 2. 4ರಿಂದ 3, 4, 5. 7ರಿಂದ 6, 7, 8. 10ರಿಂದ 9, 10. ಒಂದರ ಪರಿಣಾಮ ಇನ್ನೊಂದರ ಜೊತೆ ಬೆರೆಯಲೇ ಇಲ್ಲ, ಅಲ್ವಾ? ಹಾಗಾಗಿ ಮೂರು ಬಣ್ಣಕ್ಕೆ ಮೂರೇ ಸಲ ಲೆಕ್ಕ ಸಾಕು. ಚೌಕಗಳು 10 ಲಕ್ಷ ಇದ್ದರೂ ಮೂರೇ ಸಲ! ಎರಡೇ ಬಣ್ಣ ಸಾಲದು, ಯಾಕಂದ್ರೆ 1 ಮತ್ತು 3 ಎರಡೂ 2ನ್ನು ಬದಲಿಸುತ್ತವೆ.

ಹೀಗೆ ಗುಂಪು ಮಾಡುವ ಉಪಾಯವನ್ನು 1974ರಲ್ಲಿ ಕರ್ಟಿಸ್, ಪೊವೆಲ್, ರೀಡ್ ಎಂಬ ಮೂವರು ಪ್ರಕಟಿಸಿದರು. ಇದು ನಿಜಕ್ಕೂ ಬಣ್ಣ ಹಚ್ಚುವ ಲೆಕ್ಕವೇ ಎಂದು 1983ರಲ್ಲಿ ಕೋಲ್‌ಮನ್ ಮತ್ತು ಮೊರೆ ತೋರಿಸಿದರು. ಚೌಕಗಳ ಸಂಬಂಧ ಗೋಜಲಾಗಿದ್ದಾಗ ಅತಿ ಕಡಿಮೆ ಬಣ್ಣ ಎಷ್ಟು ಅಂತ ಹುಡುಕೋದು ದೊಡ್ಡ ಕಂಪ್ಯೂಟರಿಗೂ ಬಹಳ ಕಷ್ಟ. ಅದಕ್ಕೇ ಒಂದೊಂದೇ ಚೌಕ ತೆಗೆದುಕೊಂಡು, ಘರ್ಷಣೆ ಆಗದ ಮೊದಲ ಬಣ್ಣ ಕೊಡುತ್ತಾ ಹೋಗುತ್ತಾರೆ. ಬಣ್ಣ ಒಂದೆರಡು ಹೆಚ್ಚಾದರೂ ಪರವಾಗಿಲ್ಲ, ಕೆಲಸ ಬೇಗ ಆಗುತ್ತೆ.

ಈಗ ನಿಮ್ಮ ಸರದಿ. ಗ್ರಾಫ್ ಹಾಳೆ ತನ್ನಿ, ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಿ. ಇಲ್ಲಿ ಪ್ರತಿ ಚೌಕವೂ ತನ್ನನ್ನು ಮತ್ತು ಮೇಲೆ, ಕೆಳಗೆ, ಎಡ, ಬಲದ ಚೌಕಗಳನ್ನು ಬದಲಿಸುತ್ತೆ. ಎಷ್ಟು ಬಣ್ಣ ಬೇಕು?

ಉತ್ತರ: 5. ಮೊದಲ ಸಾಲಿಗೆ 1, 2, 3, 4, 5 ಅಂತ ಬಣ್ಣ ಕೊಡುತ್ತಾ ಹೋಗಿ. ಎರಡನೆಯ ಸಾಲನ್ನು 3ರಿಂದ, ಮೂರನೆಯದನ್ನು 5ರಿಂದ ಶುರುಮಾಡಿ. ನಾಲ್ಕು ಬಣ್ಣ ಯಾಕೆ ಸಾಲದು? ಅದನ್ನು ನೀವೇ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ವಿವರಿಸಿ!