ಹಳೇ ಟ್ರ್ಯಾಕ್ಟರ್ ಮಾರುವಾಗ

ಹಳೇ ಟ್ರ್ಯಾಕ್ಟರ್ ಮಾರಲು ಹೊರಟಾಗ ಒಬ್ಬರು 5,000 ರೂ. ಮುಂಗಡ ಕೊಟ್ಟು 'ಸೋಮವಾರ ಬರ್ತೀನಿ' ಅಂದ್ರು. '15 ದಿನದಲ್ಲಿ ಪೂರ್ತಿ ಹಣ ಕೊಡದಿದ್ದರೆ ಮಾತು ರದ್ದು' ಎಂದು ಚೀಟಿ ಬರೆದು, ಇಬ್ಬರೂ ಸಹಿ ಹಾಕಿ ಸಾಕ್ಷಿ ಮಾಡಿಸಿದ್ದೆ. ಮೂರು ಸೋಮವಾರ ಕಳೆದರೂ ಆಸಾಮಿ ಬರಲಿಲ್ಲ. ಸಾಕ್ಷಿಯವರ ಕೈಲಿ ಮುಂಗಡ ವಾಪಸು ಕಳಿಸಿ ಬೇರೆಯವರಿಗೆ ಮಾರಿದೆ.

'ಬಿತ್ತನೆಗೆ ಒಯ್ತೀನಿ, ಸುಗ್ಗೀಲಿ ಕೊಡ್ತೀನಿ' ಅನ್ನುವವರಿಗೆ ಗಾಡಿ ಬಿಡಬೇಡಿ. ಹಣ ಬಂದರೂ ಕೆಲಸ ಮುಗಿಯಲ್ಲ. ಫಾರಂ 29, 30ಕ್ಕೆ ಸಹಿ ಮಾಡಿ, ಕೊಂಡವರು ನಮ್ಮ ರಾಜ್ಯದವರೇ ಆದರೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಹೆಸರು ಬದಲಾಗದೆ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರು 'ನಾನೇ ಮಾಡಿಸ್ಕೋತೀನಿ' ಅಂದರೂ ಜೊತೆಗೆ ಹೋಗಿ ಬನ್ನಿ. ಒಂದು ದಿನದ ಕೂಲಿ ಹೋದರೆ ಹೋಗಲಿ, ಹೊಲ ಉಳಿಯುತ್ತೆ.