ಲುವೊಯಾಂಗ್ ಯಾತ್ರೆಗೆ ಒಂದು ಮುಹೂರ್ತ

ದೂರದ ಊರಿಗೆ ಹೊರಡುವವನು ಮೊದಲು ಋತುವನ್ನು ನೋಡುತ್ತಾನೆ. ಅನಂತರ ದಿನವನ್ನು, ಕಡೆಗೆ ಗಂಟೆಯನ್ನು. ಚೀನಾದೇಶದ ಹೆನಾನ್ ಪ್ರಾಂತದಲ್ಲಿರುವ ಪುರಾತನ ರಾಜಧಾನಿ ಲುವೊಯಾಂಗ್‌ಗೆ ಹೋಗಬಯಸುವವರಿಗೆ ಸಾಮಾನ್ಯವಾಗಿ ಸೂಚಿಸುವ ಕಾಲ ಏಪ್ರಿಲ್; ಆಗ ಅಲ್ಲಿ ಪಿಯೋನಿ ಹೂಗಳು ಅರಳಿರುತ್ತವೆ. ವಿಜ್ಞಾನದ ವಿದ್ಯಾರ್ಥಿಗೆ ನಾನು ಸೂಚಿಸುವ ದಿನವಾದರೋ ಡಿಸೆಂಬರ್ 21 ಅಥವಾ 22. ಹೂವಿಲ್ಲದ ಆ ಚಳಿಗಾಲವೇ ಏಕೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲೆರಡು ದಿನಗಳು ನಗರಕ್ಕೆ ಮೀಸಲಾಗಿರಲಿ. ಭಾರತದಿಂದ ಹೋದ ಕಾಶ್ಯಪ ಮಾತಂಗ, ಧರ್ಮರತ್ನರೆಂಬ ಭಿಕ್ಷುಗಳಿಗಾಗಿ ಕ್ರಿ.ಶ. 68ರಲ್ಲಿ ಕಟ್ಟಿಸಿದುದೆಂದು ಸಂಪ್ರದಾಯ ಹೇಳುವ ಶ್ವೇತಾಶ್ವ ವಿಹಾರ ಇಲ್ಲಿದೆ. ಕ್ರಿ.ಶ. 132ರಲ್ಲಿ ಭೂಕಂಪಸೂಚಕ ಯಂತ್ರವನ್ನು ರಚಿಸಿದ ಝಾಂಗ್ ಹೆಂಗ್ ಈ ರಾಜಧಾನಿಯ ಖಗೋಳಜ್ಞನಾಗಿದ್ದನು. ಯೀ ನದಿಯ ದಡದ ಲಾಂಗ್‌ಮೆನ್ ಗುಹೆಗಳಲ್ಲಿ, 675ರಲ್ಲಿ ಪೂರ್ಣಗೊಂಡ ಸುಮಾರು 17 ಮೀಟರು ಎತ್ತರದ ವೈರೋಚನ ಬುದ್ಧನನ್ನು ಕಾಣಬಹುದು.

ಮೂರನೆಯ ದಿನ ಆಗ್ನೇಯಕ್ಕೆ, ದೆಂಗ್‌ಫೆಂಗ್ ಬಳಿಯ ಗಾವೊಚೆಂಗ್ ಗ್ರಾಮಕ್ಕೆ ತೆರಳಬೇಕು. ಕುಬ್ಲಾಯ್ ಖಾನನು 1276ರಲ್ಲಿ ಪಂಚಾಂಗವನ್ನು ಪರಿಷ್ಕರಿಸಲು ಆಜ್ಞಾಪಿಸಿದಾಗ, ಗುವೊ ಶೌಜಿಂಗ್ ಎಂಬ ಖಗೋಳಜ್ಞನು ಅಲ್ಲಿ ಒಂದು ಇಟ್ಟಿಗೆಯ ಗೋಪುರವನ್ನು ಕಟ್ಟಿಸಿದನು. ಅದರ ಎತ್ತರ ಸುಮಾರು ಒಂಬತ್ತೂವರೆ ಮೀಟರು. ಅದರ ಬುಡದಿಂದ ಉತ್ತರಕ್ಕೆ 31 ಮೀಟರು ಉದ್ದದ ಕಲ್ಲಿನ ಅಳತೆಪಟ್ಟಿ ಚಾಚಿದೆ. ಗೋಪುರದ ತುದಿಯಲ್ಲಿ ಅಡ್ಡಲಾಗಿಟ್ಟ ದಂಡದ ಮಧ್ಯಾಹ್ನದ ನೆರಳು ಈ ಪಟ್ಟಿಯ ಮೇಲೆ ಬೀಳುವುದು. ಇಡೀ ಗೋಪುರವೇ ಒಂದು ಶಂಕುಯಂತ್ರ!

ಅಲ್ಲಿನ ಅಕ್ಷಾಂಶ 34.4 ಡಿಗ್ರಿ. ಉತ್ತರಾಯಣ ಆರಂಭವಾಗುವ ಡಿಸೆಂಬರಿನ ಆ ದಿನ ಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 32 ಡಿಗ್ರಿ. ನೆರಳು 15 ಮೀಟರು, ವರ್ಷದಲ್ಲಿಯೇ ಅತಿ ದೀರ್ಘ. ಜೂನ್ 21ರಂದು ಅದು ಎರಡು ಮೀಟರಿಗೂ ಕಡಿಮೆ. ಎರಡು ಅತಿ ದೀರ್ಘ ನೆರಳುಗಳ ನಡುವಣ ಕಾಲವೇ ಒಂದು ವರ್ಷ.

ಆದರೆ ಇಲ್ಲಿ ಎರಡು ತೊಡಕುಗಳುಂಟು. ಸೂರ್ಯನು ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಆದ್ದರಿಂದ ನೆರಳಿನ ಅಂಚು ಸುಮಾರು 30 ಸೆಂಟಿಮೀಟರುಗಳಷ್ಟು ಮಸುಕಾಗಿ ಹರಡುತ್ತದೆ. ಇದಕ್ಕೆ ಗುವೊ ಶೌಜಿಂಗ್ ಕಂಡುಕೊಂಡ ಪರಿಹಾರ, ಸೂಜಿರಂಧ್ರವಿರುವ ತಾಮ್ರದ ತೆಳುತಗಡು. ಅದನ್ನು ಪಟ್ಟಿಯ ಮೇಲೆ ಹಿಂದುಮುಂದಾಗಿ ಸರಿಸಿದರೆ, ರಂಧ್ರದ ಮೂಲಕ ಸೂರ್ಯನ ಪುಟ್ಟ ಪ್ರತಿಬಿಂಬವೂ ಅದನ್ನು ಇಬ್ಭಾಗಿಸುವ ದಂಡದ ತೆಳುಗೆರೆಯೂ ಮೂಡುವುವು. ನಮ್ಮ ಪ್ರಯೋಗಶಾಲೆಯ ಸೂಜಿರಂಧ್ರ ಕ್ಯಾಮೆರಾದ ತತ್ತ್ವವೇ ಇದು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಆ ದಿನದ ಹಿಂದುಮುಂದಿನ ಒಂದು ದಿನದಲ್ಲಿ ನೆರಳು ಬದಲಾಗುವುದು ಎರಡೇ ಮಿಲಿಮೀಟರು. ಹತ್ತು ದಿನಗಳಲ್ಲಿಯಾದರೆ 20 ಸೆಂಟಿಮೀಟರು. ಆದಕಾರಣ ಚೀನಾದ ಖಗೋಳಜ್ಞರು ಅಯನದಿನಕ್ಕೆ ಮುಂಚೆ ಹಾಗೂ ಅನಂತರ ಸಮಾನ ನೆರಳು ಬೀಳುವ ಸಮಯಗಳನ್ನು ಗುರುತಿಸಿ, ಅವುಗಳ ಮಧ್ಯಕಾಲವನ್ನು ಗಣಿಸುತ್ತಿದ್ದರು. 1281ರಲ್ಲಿ ಜಾರಿಗೆ ಬಂದ ಹೊಸ ಪಂಚಾಂಗದಲ್ಲಿ ವರ್ಷಮಾನ 365.2425 ದಿನಗಳು. ನಿಜವಾದ ಬೆಲೆಯಿಂದ ಅದರ ಅಂತರ ಅರ್ಧ ನಿಮಿಷಕ್ಕಿಂತಲೂ ಕಡಿಮೆ! ಯೂರೋಪಿನ ಗ್ರೆಗೋರಿಯನ್ ಪಂಚಾಂಗ ಇದೇ ಬೆಲೆಯನ್ನು ಅಂಗೀಕರಿಸಿದುದು 1582ರಲ್ಲಿ.

ಇನ್ನು ಗಂಟೆಯ ವಿಚಾರ. ಪ್ರವಾಸದ ಪಟ್ಟಿಯನ್ನು ಬರೆಯುವಾಗ ನಾನು ಯೋಚಿಸದೆ ಮಧ್ಯಾಹ್ನ 12 ಎಂದು ಗುರುತು ಹಾಕಿದೆ. ಅದು ತಪ್ಪು. ಚೀನಾದೇಶಕ್ಕೆಲ್ಲ 120 ಡಿಗ್ರಿ ರೇಖಾಂಶದ ಒಂದೇ ಕಾಲಮಾನ. ಗಾವೊಚೆಂಗ್ ಇರುವುದು ಸುಮಾರು 113 ಡಿಗ್ರಿಯಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯನು ಅಲ್ಲಿಗೆ 28 ನಿಮಿಷ ತಡವಾಗಿ ಬರಬೇಕು. ಆ ದಿನಗಳಲ್ಲಿ ಸೂರ್ಯನು ಗಡಿಯಾರಕ್ಕಿಂತ ಎರಡು ನಿಮಿಷ ಮುಂದಿರುವುದರಿಂದ, ನಿಜವಾದ ಮಧ್ಯಾಹ್ನ 12 ಗಂಟೆ 26 ನಿಮಿಷಕ್ಕೆ. ಹನ್ನೆರಡಕ್ಕೆ ನೋಡಿ ಹಿಂದಿರುಗಿದವನು ಪಟ್ಟಿಯಿಂದ ಪಶ್ಚಿಮಕ್ಕೆ ಸುಮಾರು ಎರಡು ಮೀಟರು ಸರಿದು ಬಿದ್ದ ನೆರಳನ್ನಷ್ಟೆ ಕಂಡಾನು!

ಅಂದು ಮೋಡ ಕವಿದರೆ? ನಿರಾಶೆ ಬೇಡ. ಮೋಡ ಗುವೊ ಶೌಜಿಂಗ್‌ಗೂ ಹೊಸದಾಗಿರಲಿಲ್ಲ. ಅಯನದಿನದ ನೆರಳನ್ನು ಕಾಣದೆಯೇ ಆ ದಿನವನ್ನು ನಿರ್ಣಯಿಸುವ ಉಪಾಯವನ್ನು ಈಗ ನಾವೂ ಬಲ್ಲೆವು. ಯಾತ್ರೆಗೆ ಹೊರಡುವ ಮುನ್ನ ಮನೆಯಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು ಇದನ್ನು ಪರೀಕ್ಷಿಸಿ ನೋಡಬಹುದು.